ಮಹಾಗಾಂವದ ಮಡ್ಡಿಗೆ ಅಂಬಮ್ಮನ ಕಾವಲು

ನಸುಕು ಹರಿಯುತ್ತಿದೆ. ಮಹಾಗಾಂವದ ಹೊರಗೆ, ಕಮಲಾಪುರದ ರಸ್ತೆಗೆ ಆತುಕೊಂಡಿರುವ ತಂತಿ ಬೇಲಿಯ ಒಳಗೆ ಅಂಬಮ್ಮ ಮಂಡಿಯೂರಿ ಕೂತಿದ್ದಾರೆ. ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ತಲೆಗೆ ಟವೆಲು, ಪಕ್ಕದಲ್ಲಿ ನೆಲ ಬಡಿಯುವ ಕೋಲು. ನೆತ್ತಿಗೆ ತಾಗುವ ಹಾಗೆ ಸೋಲಾರ್ ಪ್ಲೇಟು. ಕೈಯಲ್ಲೊಂದು ಬೂದು ಪುಕ್ಕ. ಅದನ್ನು ಹಿಂದೆ ಮುಂದೆ ತಿರುವಿ ನೋಡಿ, ಮೊಬೈಲನ್ನು ಬಾಯಿಯ ಹತ್ತಿರ ತಂದು ವರದಿ ಒಪ್ಪಿಸುತ್ತಾರೆ: "ಪ್ರೀತಿ ಮೇಡಂ, ಬೆಳವನ ಪುಕ್ಕ ಅದ. ರಕ್ತ ಇಲ್ಲ, ಸತ್ತಿಲ್ಲ. ಎರಡು ಜಗಳಾಡ್ಯಾವ. ಹೆಂಡ್ತಿ ಸಲುವಾಗಿ ಇರಬೇಕು."

ವರದಿ ಹೋಯಿತು. ಅಂಬಮ್ಮ ಮೊಣಕಾಲಿನ ಮಣ್ಣು ಝಾಡಿಸಿ ಮುಂದಿನ ಸಾಲಿಗೆ ನಡೆದರು. ಬೇರೆ ಮಂದಿ ಸೋಲಾರ್ ಪ್ಲಾಂಟಿಗೆ ಬಂದರೆ ಪ್ಲೇಟಿನ ಮೇಲ್ಮೈ ನೋಡಿ ಕಣ್ಣು ಕಿರಿದು ಮಾಡಿಕೊಂಡು, ಎಷ್ಟು ಕರೆಂಟಪ್ಪಾ ಎಂದು ಬೆರಗಾಗಿ ಹೋಗುತ್ತಾರೆ. ಈಕೆಯ ದಂಧೆಯೇ ಬೇರೆ. ಪ್ಲೇಟಿನ ಕೆಳಗೆ ಯಾರು ಬದುಕಿದ್ದಾರೆ, ಯಾರು ಸತ್ತರು, ಯಾರು ಊರು ಬಿಟ್ಟರು, ಯಾರು ಹೊಸದಾಗಿ ಸಂಸಾರ ಹೂಡಿದರು ಎಂದು ನೋಡುವುದು. ಹಕ್ಕಿ, ಹಾವು, ಓತಿಕ್ಯಾತ, ಮುಂಗುಸಿ, ಇರುವೆಯ ಗೂಡು, ಹುಲ್ಲಿನ ಬಣ್ಣ ಎಲ್ಲವೂ ಈಕೆಯ ಸುಪರ್ದಿಯಲ್ಲೇ. ದಿನಕ್ಕೆ ಆರೇಳು ಕಿಲೋಮೀಟರ್ ನಡಿಗೆ. ಬಿಸಿಲು ಏರುವುದರೊಳಗೆ ಮುಗಿಯಬೇಕು, ಯಾಕೆಂದರೆ ನಮ್ಮ ಕಡೆಯ ಬಿಸಿಲಿಗೆ ಮುಖದಾಕ್ಷಿಣ್ಯ ಇಲ್ಲ.

ತೊಗರಿ, ಜೋಳ ಬೆಳೆಯುತ್ತಿದ್ದ ನೆಲಕ್ಕೆ ಇಷ್ಟಗಲ ಗಾಜು ಹಾಸಿದರೆ ಆ ನೆಲದ ಜೀವಗಳ ಗತಿ ಏನಾಗುತ್ತದೆ? ಇದನ್ನು ತಿಳಿಯಲೆಂದೇ ಪ್ಲಾಂಟಿನ ಕಂಪನಿಯವರು ಕಲಬುರಗಿಯ ಒಂದು ಅಧ್ಯಯನ ಸಂಸ್ಥೆಗೆ ಕೆಲಸ ವಹಿಸಿದ್ದಾರೆ. ಸಂಸ್ಥೆಯ ಆಫೀಸು ಗಾಜಿಪುರ ಬಡಾವಣೆಯ ಒಂದು ಹಳೇ ಮನೆಯ ಮಾಳಿಗೆಯ ಮೇಲಿದೆ. ಅಲ್ಲಿಯ ಸಂಶೋಧಕಿ ಪ್ರೀತಿ, ಕೋಟನೂರದ ಹುಡುಗಿ. ವಾರಕ್ಕೆರಡು ಸಲ ಸ್ಕೂಟಿಯಲ್ಲಿ ಬಂದು ಮಣ್ಣಿನ ಬಿಸಿ, ಹಸಿ ಅಳೆಯುತ್ತಾಳೆ, ಅಲ್ಲಲ್ಲಿ ನೆಟ್ಟ ಕ್ಯಾಮೆರಾಗಳಲ್ಲಿನ ಚಿತ್ರ ತೆಗೆದುಕೊಂಡು ಹೋಗುತ್ತಾಳೆ. ಉಳಿದ ದಿನಗಳ ಕಣ್ಣು ಕಿವಿಯೆಲ್ಲ ಅಂಬಮ್ಮನವು.

ಈ ಕೆಲಸ ಸಿಕ್ಕಿದ್ದೂ ಬೈಗುಳದಿಂದಲೇ. ನಾಲ್ಕು ವರ್ಷದ ಹಿಂದೆ ಅಂಬಮ್ಮ ಪ್ಲಾಂಟಿನಲ್ಲಿ ಹುಲ್ಲು ಕೊಯ್ಯುವ ಆಳು. ಪ್ಲೇಟು ತೊಳೆದ ನೀರು ಬಿದ್ದು ಕೆಳಗೆ ಹುಲ್ಲು ಜೋರಾಗಿ ಬರುತ್ತದೆ; ಬೇಸಿಗೆಯಲ್ಲಿ ಅದಕ್ಕೆ ಕಿಡಿ ತಾಗಿದರೆ ಮುಗೀತು. ಹಾಗಾಗಿ ಬುಡಮಟ್ಟ ಕೊಯ್ಯಿರಿ ಎಂದು ಹುಕುಂ. ಅಂಬಮ್ಮ ಕೊಯ್ದ ಸಾಲಿನಲ್ಲಿ ಮಾತ್ರ ಅಲ್ಲಲ್ಲಿ ಜುಟ್ಟು ಬಿಟ್ಟಂತೆ ಹುಲ್ಲು ನಿಂತಿರುತ್ತಿತ್ತು. ಸುಪರ್‌ವೈಸರ್ ಕೂಗಾಡಿದ. "ಗೂಡು ಇದ್ದಲ್ಲಿ ಕುಡಗೋಲು ಆಡಸಬಾರದು ಅಂತ ನಮ್ಮತ್ತಿ ಹೇಳ್ಯಾಳ್ರಿ. ಕಸ ತೆಗಿಯಾಕ ಹೋದಾಗೂ ನಾವು ಹಂಗ ಬಿಡ್ತೀವಿ" ಎಂದು ಈಕೆ ನಿಂತಲ್ಲೇ ನಿಂತರು. ಅದೇ ವಾರ ಕೆಲಸ ಶುರು ಮಾಡಲು ಬಂದಿದ್ದ ಪ್ರೀತಿ ಆ ಜಗಳ ಕೇಳಿಸಿಕೊಂಡಳು. ಸಂಜೆಯೊಳಗೆ ಕುಡಗೋಲು ಹೋಗಿ ಕೈಗೆ ಮೊಬೈಲು ಬಂತು.

ಹಾಗಂತ ಅಂಬಮ್ಮನಿಗೆ ಎಲ್ಲವೂ ಗೊತ್ತಿತ್ತು ಎಂದುಕೊಂಡರೆ ತಪ್ಪು. ಗಾಜಿನ ಕೆಳಗಿನ ನೆಲ ಕಾವಲಿಯಾಗಿ ಎಲ್ಲ ಹುಳವೂ ಸುಟ್ಟುಹೋಗುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು ಈಕೆಯೇ. ಪ್ರೀತಿ ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ, ನೆರಳಿನ ನೆಲ ಬಯಲಿಗಿಂತ ತಂಪಾಗಿದೆ ಎಂದು ತೋರಿಸಿದಾಗ ಅಂಬಮ್ಮ ತಮ್ಮ ಅಂಗೈಯನ್ನೇ ನೆಲಕ್ಕೆ ಊರಿ ಪರೀಕ್ಷೆ ಮಾಡಿದರು. "ಖರೇನ ಅದರಿ. ನಾ ಸುಳ್ಳ ಊರ ಮಂದೀನ ಹೆದರಿಸಿಬಿಟ್ಟಿದ್ದೆ" ಎಂದು ಈಗಲೂ ನಗುತ್ತಾರೆ. ನೆರಳು ಬೇಡುವ ಜೀವಗಳಿಗೆ ಪ್ಲೇಟು ಛತ್ರಿಯಾಗಿದೆ. ಬಯಲು ಬೇಡುವ ಜೀವಗಳಿಗೆ ಮಾತ್ರ ಕಾಲಿಡಲು ಜಾಗ ಉಳಿದಿಲ್ಲ. ಈ ಲೆಕ್ಕ ಇಬ್ಬರೂ ಕೂಡಿಯೇ ಕಲಿತದ್ದು.

ಊರವರ ಬಾಯಿಗೆ ಮಾತ್ರ ಬಹಳ ದಿನ ಹಬ್ಬ. ಹಕ್ಕಿ ನೋಡಲಿಕ್ಕೆ ಪಗಾರ ಕೊಡುತ್ತಾರೆಂದರೆ ಯಾರು ನಂಬಬೇಕು? ಪಕ್ಕದ ಮನೆಯ ವಿಮಲಾಬಾಯಿ ದಿನಾ ಕಟ್ಟೆಯ ಮೇಲೆ ಕೂತು, "ಅಂಬವ್ವಾ, ನಮ್ಮ ಮನ್ಯಾಗೂ ಎರಡು ಗುಬ್ಬಿ ಅವ, ಬಂದು ನೋಡಿ ಹೋಗ. ಚಹಾ ಕುಡಸ್ತೀನಿ" ಎಂದು ಕಾಡುತ್ತಿದ್ದರು. ಗಂಡ ಗುರುಲಿಂಗಪ್ಪ ಕಡಿಮೆಯವರಲ್ಲ. ಮನೆಯ ಹೊಲವನ್ನೂ ಪ್ಲಾಂಟಿಗೆ ಲೀಜಿಗೆ ಕೊಟ್ಟ ಮೇಲೆ ಅವರು ಮಹಾಗಾಂವ ಕ್ರಾಸಿನಲ್ಲಿ ಟೆಂಪೋ ಓಡಿಸುತ್ತಾರೆ. "ಲಗ್ನ ಆಗಿ ಇಷ್ಟ ವರ್ಷ ಆತು, ನನ್ನ ಮುಖಾನ ಹಿಂಗ ದಿಟ್ಟಿಸಿ ನೋಡಿಲ್ಲ ಈಕಿ" ಎಂದು ಪ್ಯಾಸೆಂಜರುಗಳ ಮುಂದೆ ದೂರು ಹೇಳುತ್ತಾರೆ. ಬೆಳಿಗ್ಗೆ ಹೆಂಡತಿಯನ್ನು ಗೇಟಿನವರೆಗೆ ಬಿಡುವುದನ್ನು ಮಾತ್ರ ಒಂದು ದಿನವೂ ತಪ್ಪಿಸಿಲ್ಲ.

ಕಷ್ಟ ಇಲ್ಲದ ಕೆಲಸವಲ್ಲ ಇದು. ಏಪ್ರಿಲ್ ತಿಂಗಳಲ್ಲಿ ಸಾಲುಗಳ ನಡುವೆ ಗಾಳಿಯೇ ಆಡುವುದಿಲ್ಲ, ಉಸಿರು ಕಟ್ಟುತ್ತದೆ. ಪ್ಲೇಟಿನ ಅಡಿಯಲ್ಲಿ ಕಣಜ ಗೂಡು ಕಟ್ಟಿ, ತಲೆ ತಾಗಿದರೆ ಮುಖ ಊದಿಸಿ ಕಳಿಸುತ್ತವೆ. ಒಮ್ಮೆ ಚೇಳು ಕಡಿದು ಎರಡು ದಿನ ಮಲಗಿದರು. ಅದನ್ನು ಹೇಳುವಾಗಲೂ ಅಂಬಮ್ಮನಿಗೆ ನಗುವೇ. "ಚೇಳಿಂದೇನ ತಪ್ಪರಿ? ನಾ ಅದರ ಮನಿ ಕಲ್ಲು ಎತ್ತಿ ನೋಡೀನಿ. ನಮ್ಮ ಮನಿ ಬಾಗಲ ಹಂಗ ತೆಗದ್ರ ನಾವೂ ಕಡೀತೀವಿ."

ಸತ್ತವನ್ನು ನೋಡುವುದೂ ಕೆಲಸದ ಪಾಲು. ಬೆಳದಿಂಗಳಲ್ಲಿ ಪ್ಲೇಟುಗಳು ನೀರಿನ ಹಾಗೆ ಹೊಳೆಯುತ್ತವೆ, ನೀರಹಕ್ಕಿಗಳು ಕೆರೆಯೆಂದು ಭ್ರಮಿಸಿ ಇಳಿಯುತ್ತವೆ. ಕೆಲವು ಬಡಿದು ಸಾಯುತ್ತವೆ. ಹೋದ ಮಳೆಗಾಲದಲ್ಲಿ ಒಂದು ಗುಳುಮುಳುಕ ಹಾಗೇ ಇಳಿದು, ಹಾರಲಾರದೆ ಪ್ಲೇಟಿನ ಕೆಳಗೆ ಕೂತಿತ್ತು. ನೀರ ಮೇಲೆ ಓಡಿಯೇ ರೆಕ್ಕೆ ಬಿಚ್ಚುವ ಹಕ್ಕಿ ಅದು. ನೆಲದಿಂದ ಏಳುವುದು ಅದಕ್ಕೆ ಬಾರದು. ಅಂಬಮ್ಮ ಅದನ್ನು ಟವೆಲಿನಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ಕಮಲಾಪುರದ ಆಚೆಯ ಕೆರೆಗೆ ಬಿಡಲು ಬಸ್ಸು ಹತ್ತಿದರು. ಬುಟ್ಟಿಯೊಳಗಿಂದ ಸದ್ದು ಬಂದದ್ದೇ ಕಂಡಕ್ಟರ್ ಹತ್ತಿರ ಬಂದ. "ಒಳಗ ಏನದ ಯಕ್ಕಾ?" "ಹಕ್ಕಿ ಅದ." "ಹೆಣ್ಣೋ ಗಂಡೋ? ಹೆಣ್ಣಾದ್ರ ಫ್ರೀ, ಗಂಡಾದ್ರ ಟಿಕೆಟ್ ತಗೋಬೇಕಾಗ್ತದ." ಇಡೀ ಬಸ್ಸು ನಕ್ಕಿತು. "ಹೆಣ್ಣ ಅದರಿ, ಬೇಕಾದ್ರ ಆಧಾರ್ ಕಾರ್ಡ್ ಕೇಳ್ರಿ" ಎಂದರಂತೆ ಅಂಬಮ್ಮ. ಕೆರೆಗೆ ಬಿಟ್ಟ ಕ್ಷಣವೇ ಅದು ಮುಳುಗಿ, ದೂರದಲ್ಲಿ ತಲೆ ಎತ್ತಿತು. ಒಂದು ಥ್ಯಾಂಕ್ಸೂ ಹೇಳಲಿಲ್ಲ ಎನ್ನುವುದು ಈಕೆಯ ಸಿಹಿ ತಕರಾರು.

ಇಷ್ಟೆಲ್ಲದರ ನಡುವೆ ಅಂಬಮ್ಮನ ಜೀವ ಅಂಟಿಕೊಂಡದ್ದು ಮಡ್ಡಿಗೆ. ಪ್ಲಾಂಟಿನ ನಟ್ಟನಡುವೆ, ಅವರದೇ ಹಳೇ ಹೊಲದ ತುದಿಯಲ್ಲಿ, ಕಲ್ಲು ಕುರುಚಲು ಹುಲ್ಲಿನ ಎತ್ತರದ ನೆಲವೊಂದಿದೆ. ನೇಗಿಲು ಇಳಿಯದ ಜಾಗ, ಹಾಗಾಗಿ ಮೊದಲ ಹಂತದಲ್ಲಿ ಪ್ಲೇಟೂ ಏರಲಿಲ್ಲ. ನೆಲದ ಮೇಲೆಯೇ ಮೊಟ್ಟೆಯಿಡುವ ಬಯಲು ಹಕ್ಕಿಗಳಿಗೆ ಈ ಸುತ್ತಿನಲ್ಲಿ ಉಳಿದಿರುವುದು ಅದೊಂದೇ. ಕಳೆದ ವರ್ಷ ಎರಡನೇ ಹಂತದ ನಕ್ಷೆ ಬಂತು. ಅದರಲ್ಲಿ ಮಡ್ಡಿಯ ತುಂಬ ಪ್ಲೇಟು. ಪ್ರೀತಿ ಹೋಗಿ ವಾದ ಹೂಡಿದಳು. ಪ್ಲಾಂಟಿನ ಮ್ಯಾನೇಜರ್ ಅರುಣಕುಮಾರ ಕಟುಕ ಮನುಷ್ಯನಲ್ಲ, ಲೆಕ್ಕದ ಮನುಷ್ಯ. "ಅಲ್ಲಿ ಹಕ್ಕಿ ನೆಲೆ ನಿಂತಾವ ಅಂತ ಈ ಚಳಿಗಾಲದ ಎಣಿಕ್ಯಾಗ ತೋರಸ್ರಿ. ಮಡ್ಡಿ ಬಿಟ್ಟು ಪ್ಲೇಟು ರಸ್ತೆ ಆ ಕಡೆ ಹಾಕೋಣಂತ ಮ್ಯಾಲಿನವ್ರಿಗೆ ನಾನ ಹೇಳ್ತೀನಿ" ಎಂದರು.

ಎಣಿಕೆಯ ವಾರ ಬಂತು. ಬಂದ ಫಲಿತಾಂಶ ನೋಡಿ ಪ್ರೀತಿ ಕುರ್ಚಿಯಿಂದಲೇ ಎದ್ದುಬಿಟ್ಟಳು. ಮಡ್ಡಿಯ ಕ್ಯಾಮೆರಾದ ತುಂಬ ಹಕ್ಕಿಯೋ ಹಕ್ಕಿ. ನೆಲಗುಬ್ಬಿ, ಬೆಳವ, ಗೊರವಂಕ, ಸಾಲದ್ದಕ್ಕೆ ನವಿಲು. ಹಿಂದಿನ ವರ್ಷದ ನಾಲ್ಕು ಪಟ್ಟು. ಆಕೆ ಅರುಣಕುಮಾರರಿಗೆ ಫೋನು ಮಾಡಿದಳು, ಅವರೂ ಖುಷಿಯಿಂದ ಮಡ್ಡಿ ಉಳಿಯಿತೆಂದೇ ತಿಳಿಯಿರಿ ಎಂದರು. ಪ್ಲೇಟು ತೊಳೆಯುವ ಟ್ಯಾಂಕರಿನ ಡ್ರೈವರ್, ಗಾಜಿಪುರದ ಶಬ್ಬೀರ್, ಕಲಬುರಗಿಯಿಂದ ಜಿಲೇಬಿ ಕಟ್ಟಿಸಿಕೊಂಡು ಬಂದ. ಎಲ್ಲರೂ ತಿಂದರು. ಅಂಬಮ್ಮ ಕೈಯಲ್ಲಿ ಹಿಡಿದುಕೊಂಡೇ ಕೂತರು.

"ಯಾಕ ಅಕ್ಕಾ, ಶುಗರ್ ಬಂದದೇನು?" ಶಬ್ಬೀರ್ ಕೇಳಿದ. ಈಕೆ ಜಿಲೇಬಿಯನ್ನು ಪೊಟ್ಟಣಕ್ಕೇ ವಾಪಸಿಟ್ಟರು. ಬಿಸಿ ತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ ಎಂಬ ಸ್ಥಿತಿ ಅವರದು.

ನಡೆದದ್ದಿಷ್ಟು. ಎಣಿಕೆಯ ಹಿಂದಿನ ದಿನವೇ ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಆ ದಿನ ಮನೆಯಲ್ಲಿ ಕೂತು ಉಣ್ಣುವವರು ಯಾರು? ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ತಾವು ಉಣ್ಣುವ ಮೊದಲು ಹೊಲದ ತುಂಬ ಅಡ್ಡಾಡಿ ಅನ್ನ, ಕಾಳು ಚೆಲ್ಲಿ ಭೂಮಿತಾಯಿಗೆ ಉಣಿಸಬೇಕು. ಅದು ಚರಗ. ಹೊಲ ಲೀಜಿಗೆ ಹೋದರೇನು, ತಾಯಿ ಲೀಜಿಗೆ ಹೋಗುತ್ತಾಳೆಯೇ? ಅಂಬಮ್ಮ ತಮ್ಮ ಹಳೇ ಹೊಲದ ತುದಿಯ ಮಡ್ಡಿಯ ಮೇಲೆ ಡಬ್ಬಿ ಬಿಚ್ಚಿ ಭಕ್ತಿಯಿಂದ ಚರಗ ಚೆಲ್ಲಿದರು. ಸುದ್ದಿ ತಿಳಿದು, ಭೂಮಿ ಕೊಟ್ಟಿದ್ದ ಊರಿನ ಉಳಿದ ಮನೆಯವರೂ ಗೇಟಿಗೆ ಬಂದು, "ನಮ್ಮದೂ ಜರಾ ಚೆಲ್ಲ ಯವ್ವಾ" ಎಂದು ಬುಟ್ಟಿ ಬುಟ್ಟಿ ಒಪ್ಪಿಸಿದರು. ಅಷ್ಟನ್ನೂ ಚೆಲ್ಲಿದರು.

ತಮಾಷೆ ಎಂದರೆ, ಪ್ಲಾಂಟಿನೊಳಗೆ ಹಕ್ಕಿಗೆ ತಿನ್ನಲು ಹಾಕಬಾರದು, ಹಾಕಿದರೆ ಎಣಿಕೆ ಕೆಡುತ್ತದೆ ಎಂಬ ಕಟ್ಟಳೆಯನ್ನು ಎಲ್ಲರಿಗಿಂತ ಹೆಚ್ಚು ಪಾಲಿಸುತ್ತಿದ್ದವರು ಇದೇ ಅಂಬಮ್ಮ. ರೊಟ್ಟಿ ತುಣುಕು ಎಸೆದ ಹುಲ್ಲಿನ ಆಳುಗಳಿಗೆ ಮಂಗಳಾರತಿ ಎತ್ತಿದವರು. "ನಾ ಹಕ್ಕಿಗಿ ಹಾಕಿಲ್ಲರಿ, ಭೂಮ್ತಾಯಿಗಿ ಹಾಕೀನಿ. ಎರಡೂ ಒಂದ ಅಂತ ಆ ಹೊತ್ತಿಗಿ ತಲ್ಯಾಗ ಬರಲಿಲ್ಲ. ಜಿಲೇಬಿ ಕೈಗಿ ಬಂದಾಗ ಬಂತು" ಎನ್ನುತ್ತಾರೆ.

ಪ್ರೀತಿಗಾಗಲಿ ಕಂಪನಿಯವರಿಗಾಗಲಿ ಗೊತ್ತಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಮಡ್ಡಿ ಉಳಿಯುತ್ತದೆ. ಹೇಳಿದರೆ ಮಡ್ಡಿಯೂ ಹೋದೀತು, ಕೆಲಸವೂ ಹೋದೀತು. ರಾತ್ರಿ ಉಣ್ಣುವಾಗ ಗಂಡನ ಮುಂದೆ ಹೊಟ್ಟೆಯೊಳಗಿನದನ್ನು ತೋಡಿಕೊಂಡರು. ಗುರುಲಿಂಗಪ್ಪ ಮೊದಲ ಸಲ ಚೇಷ್ಟೆ ಮಾಡದೆ ಕೇಳಿದರು. "ಸುಳ್ಳಿನ ಮ್ಯಾಲ ಉಳಿಸಿದ್ದು ಎಷ್ಟ ದಿನ ಉಳೀತದ? ಮುಂದಿನ ವರ್ಷ ಎಣಸಿದ್ರ ಬಯಲಿಗಿ ಬೀಳಂಗಿಲ್ಲೇನು? ನಡಿ, ಮುಂಜಾನಿ ಕಲಬುರ್ಗಿಗಿ ನಾನ ಕರಕೊಂಡ ಹೋಗ್ತೀನಿ" ಎಂದರು.

ಗಾಜಿಪುರದ ಮಾಳಿಗೆಯ ಮೆಟ್ಟಿಲನ್ನು ಅಂಬಮ್ಮ ಹತ್ತಿದರು. ಕೂತವರೇ ಒಂದೇ ಉಸಿರಿಗೆ ಎಲ್ಲ ಹೇಳಿದರು. "ಮೇಡಂ, ಅವು ಮಡ್ಡಿ ಹಕ್ಕಿ ಅಲ್ಲ. ಊಟಕ್ಕ ಬಂದ ಬೀಗರು. ಬೀಗರನ್ನ ಹಿಡದು ಮನಿ ಮಂದಿ ಅಂತ ಬರಸಿದ್ರ ಆಗ್ತದೇನ್ರಿ?"

ಪ್ರೀತಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಅಂಬಮ್ಮ ಗಾಬರಿಯಾಗಿ ಎದ್ದು ನಿಂತರೆ, ಆಕೆ ನಗುತ್ತಿದ್ದಾಳೆ. "ಅಂಬಕ್ಕಾ, ಆ ದಿನ ನಾ ಎಲ್ಲಿದ್ದೆ ಹೇಳ್ರಿ? ಕೋಟನೂರದಾಗ ನಮ್ಮ ಕಾಕಾನ ಹೊಲದಾಗ ಕುಂತು ಭಜ್ಜಿ ಉಣ್ಣಾಕತ್ತಿದ್ದೆ. ನಾನೂ ಚರಗ ಚೆಲ್ಲೀನಿ. ಅಮಾವಾಸ್ಯಿ ಮರುದಿನ ಎಣಿಕಿ ಇಟ್ಟಾಕಿ ನಾನ. ನಿಮಗ ಹ್ಯಾಂಗ ಬೈಲಿ?" ಇಬ್ಬರೂ ನಕ್ಕರು, ನಕ್ಕು ಮುಗಿದ ಮೇಲೆ ಮಡ್ಡಿಯ ನೆನಪಾಗಿ ಇಬ್ಬರ ಮುಖವೂ ಇಳಿಯಿತು. ಆ ವಾರದ ಎಣಿಕೆಯನ್ನು ಪ್ರೀತಿ ಅಂದೇ ರದ್ದು ಮಾಡಿದಳು.

ಅರುಣಕುಮಾರರು ಸಿಟ್ಟಾಗಲಿಲ್ಲ, ಆದರೆ ಬಗ್ಗಲೂ ಇಲ್ಲ. "ಹೇಳಿದ್ದು ಛಲೋ ಆತು. ಉಗಾದಿ ತನಕ ಟೈಮ್ ಕೊಡ್ತೀನಿ. ಗೂಡು ತೋರಸ್ರಿ, ಮೊಟ್ಟಿ ತೋರಸ್ರಿ. ಊಟಕ್ಕ ಬಂದವ್ರನ್ನ ತೋರಸಬ್ಯಾಡ್ರಿ" ಎಂದರು. ಕೆಲಸ ನಿಲ್ಲಿಸುವುದು ಅವರ ಕೈಯಲ್ಲಿರಲಿಲ್ಲ. ಮಡ್ಡಿಗೆ ದಾರಿ ಮಾಡಲು ಟಿಪ್ಪರುಗಳು ಖಡಿ, ಅಂದರೆ ಜಲ್ಲಿಕಲ್ಲು, ತಂದು ಸುರಿಯತೊಡಗಿದವು. ಚರಗದ ಕಾಳು ಮುಗಿದದ್ದೇ ಬೀಗರೂ ಖಾಲಿ. ಅಂಬಮ್ಮ ದಿನಾ ಮಡ್ಡಿಯ ಒಂದೊಂದು ಕಲ್ಲನ್ನೂ ಬಗ್ಗಿ ನೋಡಿದರು. ಹುಲ್ಲಿನ ಬುಡದಲ್ಲಿ ಹಳೇ ಗೂಡು ಸಿಕ್ಕವು, ಹೊಸದಿಲ್ಲ. ಸಂಕ್ರಮಣ ಹೋಯಿತು, ಶಿವರಾತ್ರಿ ಹೋಯಿತು. ಟಿಪ್ಪರಿನ ಸದ್ದಿಗೆ ಹೆದರಿ ಹಕ್ಕಿಗಳು ಬಿಟ್ಟೇ ಹೋದವೇನೋ ಎಂದು ಪ್ರೀತಿಯೂ ಸೋತ ದನಿಯಲ್ಲಿ ಮಾತಾಡತೊಡಗಿದಳು.

ಉಗಾದಿಗೆ ವಾರವಿರುವಾಗ ಒಂದು ಮುಂಜಾನೆ, ಮಡ್ಡಿಯ ದಾರಿಯಲ್ಲಿ ಟಿಟ್ಟಿಭವೊಂದು ಅಂಬಮ್ಮನನ್ನು ಕಂಡು ಕಿರುಚತೊಡಗಿತು. ತಲೆಯ ಮೇಲೇ ಹಾರುತ್ತದೆ, ಮುಂದೆ ಇಳಿದು ಓಡುತ್ತದೆ, ಮತ್ತೆ ಹಾರುತ್ತದೆ. ಈ ಹಕ್ಕಿಯ ಬಾಯಿ ಎಲ್ಲರಿಗೂ ಗೊತ್ತಿದ್ದದ್ದೇ. ಸುಮ್ಮಸುಮ್ಮನೆ ಊರೆಲ್ಲ ಬೈಯುತ್ತದೆ. ಆದರೆ ಈ ಬೈಗುಳದಲ್ಲಿ ಏನೋ ಕಾಳಜಿಯಿದೆ ಎನಿಸಿತು. ಅಂಬಮ್ಮ ಹಿಂದೆ ಸರಿದು, ದೂರದ ಪ್ಲೇಟಿನ ನೆರಳಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತರು. "ಗೂಡು ಹುಡುಕಬಾರದರಿ. ದೂರ ಕುಂತು, ನಮ್ಮನ್ನ ಅದು ಮರೀಲಿ ಅಂತ ಬಿಡಬೇಕು. ತಾನ ಹೋಗಿ ತೋರಸ್ತದ" ಎಂಬುದು ಅವರ ಕಸುಬಿನ ಗುಟ್ಟು. ಬಹಳ ಹೊತ್ತಿಗೆ ಟಿಟ್ಟಿಭ ಸುಮ್ಮನಾಯಿತು. ಅತ್ತಿತ್ತ ನೋಡುತ್ತ, ಏನೂ ಗೊತ್ತಿಲ್ಲದವರ ಹಾಗೆ ನಡೆದು ಬಂದು, ಕಂಪನಿಯವರು ಹಾಸಿದ ಖಡಿಯ ದಾರಿಯಲ್ಲಿ, ಟಿಪ್ಪರಿನ ಗಾಲಿ ಇನ್ನೂ ತಾಗದ ತುದಿಯ ನಟ್ಟನಡುವೆ ಮೆಲ್ಲಗೆ ಕೂತಿತು.

ಅಂಬಮ್ಮ ಇಡೀ ಮಡ್ಡಿಯ ಕಲ್ಲು ಎತ್ತಿ ನೋಡಿದ್ದಾರೆ, ಹೊಸ ಖಡಿಯ ಕಡೆ ಮಾತ್ರ ಒಂದು ದಿನವೂ ಬಗ್ಗಿರಲಿಲ್ಲ. ಅಷ್ಟರಲ್ಲೇ ಆ ದಿನದ ಟಿಪ್ಪರುಗಳ ಸದ್ದು ಕೇಳಿಸಿತು. ಪಕ್ಕದ ಸಾಲಿನಲ್ಲಿ ಶಬ್ಬೀರ್ ಟ್ಯಾಂಕರ್ ನಿಲ್ಲಿಸಿ ಪೈಪು ಬಿಚ್ಚುತ್ತಿದ್ದ. "ಶಬ್ಬೀರ್ ಭಾಯಿ, ಟ್ಯಾಂಕರ್ ತಂದು ದಾರಿಗಿ ಅಡ್ಡ ಹಚ್ಚು. ಯಾಕಂತ ಆಮ್ಯಾಲ ಹೇಳ್ತೀನಿ." ಶಬ್ಬೀರ್ ಯಾಕೆಂದು ಕೇಳಲಿಲ್ಲ. ಟ್ಯಾಂಕರನ್ನು ಅಡ್ಡ ನಿಲ್ಲಿಸಿ, ಚಾವಿ ಜೇಬಿಗೆ ಹಾಕಿ, ಬಾನೆಟ್ ಎತ್ತಿ, "ಗಾಡಿ ಖರಾಬ್ ಆಗ್ಯದ" ಎಂದು ಟಿಪ್ಪರಿನವರ ಮುಂದೆ ಹಣೆ ಚಚ್ಚಿಕೊಂಡ. ಹಾರ್ನುಗಳ ಮೇಲೆ ಹಾರ್ನು. ಟಿಟ್ಟಿಭ ಎಲ್ಲರಿಗೂ ಸೇರಿಸಿ ಬೈಯಿತು.

ಗೂಡು ಸಿಕ್ಕಿತೆಂಬ ಫೋನು ಹೋದದ್ದೇ ಅರುಣಕುಮಾರರು ಜೀಪಿನಲ್ಲಿ ಬಂದರು. "ಎಲ್ಲದ ಗೂಡು?" "ನಿಮ್ಮ ಬೂಟಿನ ಮುಂದ ಎರಡು ಮಾರಿನ ಮ್ಯಾಲ ಅದ ಸಾಹೇಬ್ರ. ಇನ್ನ ಮುಂದ ಬರಬ್ಯಾಡ್ರಿ." ಅವರು ನೋಡಿದರು. ಖಡಿ ಕಂಡಿತು. ಕನ್ನಡಕ ಒರೆಸಿಕೊಂಡು ನೋಡಿದರು. ಮತ್ತೂ ಖಡಿಯೇ. ಅಂಬಮ್ಮನೂ ಮೊದಲು ಹಾಗೇ ಒದ್ದಾಡಿದ್ದರಂತೆ. ಮೊಟ್ಟೆಯ ಬಣ್ಣ, ಚುಕ್ಕೆ ಎಲ್ಲ ಕಲ್ಲಿನದೇ. ಕಡೆಗೆ ಕಣ್ಣಿಗೆ ಬಿದ್ದವು. ಮೊನೆಗಳನ್ನು ಒಳಕ್ಕೆ ಮಾಡಿಕೊಂಡು ಒಂದಕ್ಕೊಂದು ಅಂಟಿಕೊಂಡ ನಾಲ್ಕು ಮೊಟ್ಟೆ. ಮ್ಯಾನೇಜರ್ ಸಾಹೇಬರು ಬಿಸಿಲಿನಲ್ಲೇ ನಿಂತುಬಿಟ್ಟರು. "ಇಡೀ ಮಡ್ಡಿ ಬಿಟ್ಟು ನಮ್ಮ ಖಡಿನ ಆರಿಸ್ಯದಲ್ರೀ" ಎಂದರು. ಅವರ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು ಎಂದು ಶಬ್ಬೀರ್ ಆಣೆ ಮಾಡಿ ಹೇಳುತ್ತಾನೆ. ಟಿಪ್ಪರುಗಳು ತುಂಬಿದ ಖಡಿಯೊಂದಿಗೇ ಹಿಂದಿರುಗಿದವು.

ಸದ್ದು ನಿಂತ ಮೇಲೆ ಮಡ್ಡಿಗೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಹುಲ್ಲಿನ ಬುಡದಲ್ಲಿ ನೆಲಗುಬ್ಬಿಯ ಗೂಡು, ಒಂದಲ್ಲ, ಹಲವು. ಈ ಸಲ ಯಾರೂ ಕಾಳು ಚೆಲ್ಲಿರಲಿಲ್ಲ. ಪ್ರೀತಿ ಪ್ರತಿಯೊಂದನ್ನೂ ದೂರದಿಂದಲೇ ಚಿತ್ರ ತೆಗೆದು ಕಳಿಸಿದಳು. ಉಗಾದಿಯ ಬೇವು ಬೆಲ್ಲ ತಿಂದ ಮರುದಿನ ಅರುಣಕುಮಾರರ ಫೋನು ಬಂತು: ಎರಡನೇ ಹಂತದ ಪ್ಲೇಟು ರಸ್ತೆಯ ಆ ಕಡೆಗೆ, ಮಡ್ಡಿ ಮಡ್ಡಿಯಾಗಿಯೇ ಇರುತ್ತದೆ. ಅಂಬಮ್ಮ ಫೋನು ಇಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಶಬ್ಬೀರನಿಗೆ ಜಿಲೇಬಿ ತರಲು ಹೇಳಿ, ಈ ಸಲ ಎಲ್ಲರಿಗಿಂತ ಮೊದಲು ತಾವೇ ತಿಂದರು.

ಕಂಪನಿಯವರು ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ ಎಂದರು. ಈ ಬಿಸಿಲಿನಾಗ ಶಾಲು ಯಾಕ್ರೀ ಎಂದು ಅಂಬಮ್ಮ ಬೇಡವೆಂದರು. ಕೇಳಿದ್ದು ಒಂದೇ: ಒಂದು ಮುಂಜಾನೆ ಊರಿನ ಹೆಣ್ಣುಮಕ್ಕಳಿಗೆ ಗೇಟು ತೆಗೆದು, ದೂರ ನಿಂತು ನೋಡಲು ಬಿಡಬೇಕು. ಅರುಣಕುಮಾರರು ಒಪ್ಪಿದರು.

ಹೋದ ಭಾನುವಾರ ಬಂದರು. ಗುರುಲಿಂಗಪ್ಪನ ಟೆಂಪೋ ತುಂಬಿ ತುಳುಕುವಷ್ಟು ಮಂದಿ, ಎಲ್ಲರಿಗಿಂತ ಮುಂದೆ ವಿಮಲಾಬಾಯಿ. ಖಡಿಯ ಮೇಲೆ ನಾಲ್ಕು ಮರಿ, ಕಡ್ಡಿಯಂಥ ಕಾಲಿನ ಮೇಲೆ ಹತ್ತಿಯ ಉಂಡೆ ಇಟ್ಟಂತೆ, ತಾಯಿಯ ಹಿಂದೆ ಓಡುತ್ತಿವೆ. ವಿಮಲಾಬಾಯಿ ಬಾಯಿಗೆ ಸೆರಗು ಹಿಡಿದು ನೋಡುತ್ತ ನಿಂತರು. ಇಷ್ಟು ಮಂದಿಯನ್ನು ಕಂಡು ತಾಯಿ ಟಿಟ್ಟಿಭ ಮೇಲೆದ್ದು, ಒಬ್ಬರನ್ನೂ ಬಿಡದೆ ತರಾಟೆಗೆ ತೆಗೆದುಕೊಂಡಿತು.

"ಏನ ಬಾಯಿ ಯವ್ವಾ ಇದರದು. ಇಷ್ಟ ಮಾಡಿದಾಕಿ ನೀನು, ನಿನಗೂ ಬೈತದಲ್ಲ" ಎಂದರು ವಿಮಲಾಬಾಯಿ.

ಅಂಬಮ್ಮ ಟವೆಲು ಸರಿಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು, ಎಲ್ಲರನ್ನೂ ಹಿಂದೆ ಸರಿಸಿದರು. "ಬೈಲಿ ಬಿಡ್ರಿ. ಇನ್ನ ನಾವ ಅದರ ಮಡ್ಡಿಗಿ ಬಂದ ಬೀಗರು."